ಅಗರಖೇಡದ ಪಾಳಿ

ಆ ಗುರುವಾರ ಅಗರಖೇಡಕ್ಕೆ ಹೋಗುವ ಪಾಳಿ ಕಲ್ಮೇಶನದಾಗಿತ್ತು. ಹೋದವನು ಶ್ರೀಶೈಲ. ಈ ಸಂಗತಿ ತನ್ನೊಬ್ಬನಿಗೇ ಗೊತ್ತು ಎಂದು ಕಲ್ಮೇಶ ನಾಲ್ಕು ತಿಂಗಳು ನಂಬಿಕೊಂಡಿದ್ದ.

ಇಬ್ಬರೂ ಕೂಡಿ ಇಂಡಿಯಲ್ಲಿ ಮೋಟಾರು ರಿಪೇರಿಯ ಅಂಗಡಿ ಇಟ್ಟು ಒಂಬತ್ತು ವರ್ಷವಾಗಿತ್ತು. ನಿಂಬೆ ತೋಟಗಳಿಂದ, ಕಬ್ಬಿನ ಹೊಲಗಳಿಂದ ಸುಟ್ಟ ಮೋಟಾರುಗಳು ಬರುತ್ತಿದ್ದವು. ಹಳೆಯ ತಾಮ್ರದ ತಂತಿ ಬಿಚ್ಚಿ ಹೊಸದು ಸುತ್ತಿ ಕೊಡುತ್ತಿದ್ದರು. ಹೊಲಕ್ಕೇ ಹೋಗಿ ನೋಡಬೇಕಾದ ಕೆಲಸವಿದ್ದರೆ ಒಂದು ಸಲ ಇವನು, ಒಂದು ಸಲ ಅವನು. ಕಲ್ಮೇಶ ಎರಡು ವರ್ಷ ದೊಡ್ಡವನು, ಮಾತು ಕಡಿಮೆ. ಕರೆಂಟು ಇರಲಿ ಬಿಡಲಿ, ಫ್ಯೂಸು ಕಿತ್ತು ಕಿಸೆಯಲ್ಲಿ ಇಟ್ಟುಕೊಳ್ಳದೆ ಸ್ಟಾರ್ಟರ್ ಪೆಟ್ಟಿಗೆಗೆ ಕೈ ಹಾಕಿದವನಲ್ಲ. ಶ್ರೀಶೈಲ ಗಡಿಬಿಡಿಯವನು, ಸದಾ ನಗುವವನು, ಅರ್ಧ ಕೆಲಸದಲ್ಲೇ ಗಿರಾಕಿಯ ಜೊತೆ ಹರಟೆಗೆ ನಿಲ್ಲುವವನು.

ಫೋನಿನಲ್ಲಿ ಪೋಕರ್ ಆಡುವ ಚಟ ಮೊದಲು ಹತ್ತಿದ್ದು ಕಲ್ಮೇಶನಿಗೆ. ಅದನ್ನು ಅವನು ಚಟ ಎನ್ನುತ್ತಿರಲಿಲ್ಲ, ವಿದ್ಯೆ ಎನ್ನುತ್ತಿದ್ದ. ಕೈಯಲ್ಲಿ ಮುಚ್ಚಿದ ಎರಡು ಎಲೆ, ನಡುವೆ ಎಲ್ಲರಿಗೂ ಕಾಣುವ ಐದು ಎಲೆ. ಯಾವ ಎಲೆ ಬರುವ ಸಂಭವ ನೂರಕ್ಕೆ ಎಷ್ಟು ಎಂಬ ಲೆಕ್ಕವನ್ನು ಅವನು ಬಾಯಿಪಾಠ ಮಾಡಿದ್ದ. ಎದುರಿನವನು ಎಷ್ಟು ಹೊತ್ತು ಯೋಚಿಸಿದ ಎನ್ನುವುದರ ಮೇಲೆ ಅವನ ಕೈಯನ್ನು ಅಂದಾಜು ಮಾಡುತ್ತಿದ್ದ. ದುಡ್ಡಿನ ಆ್ಯಪ್‌ಗಳನ್ನು ಸರ್ಕಾರ ಬಂದ್ ಮಾಡಿದ ಮೇಲೆ ಇಬ್ಬರೂ ದುಡ್ಡಿನ ಬದಲು ಆ್ಯಪ್ ಕೊಡುವ ಪುಕ್ಕಟೆ ಚಿಪ್ಪುಗಳನ್ನು ಪಣಕ್ಕಿಡುವ ಆಟಕ್ಕೆ ಇಳಿದರು. ಊಟದ ನಂತರ ಬೆಂಚಿನ ಈ ತುದಿಗೆ ಒಬ್ಬ, ಆ ತುದಿಗೆ ಒಬ್ಬ ಕುಳಿತು ತಮ್ಮ ತಮ್ಮ ಫೋನು ಹಿಡಿಯುತ್ತಿದ್ದರು. ಸೋತವನು ಚಹಾ ತರಬೇಕು, ಸೋತವನು ಪಾರ್ಸಲ್ ಬಿಡಿಸಿಕೊಂಡು ಬರಬೇಕು. ಹೆಚ್ಚಾಗಿ ಸೋಲುತ್ತಿದ್ದವನು ಶ್ರೀಶೈಲ.

"ನಿಂದು ನಸೀಬ ಭಾರಿ ಐತಿ ಬಿಡೋ," ಅನ್ನುತ್ತಿದ್ದ ಅವನು ಎದ್ದು ಚಪ್ಪಲಿ ಮೆಟ್ಟುತ್ತ.

"ನಸೀಬ ಅಲ್ಲ. ನಿನ್ನ ಮಾರಿ ನೋಡಿದ್ರ ನಿನ್ನ ಎಲಿ ಗೊತ್ತಾಗ್ತಾವ," ಎಂದು ಕಲ್ಮೇಶ ಹೇಳುತ್ತಿದ್ದ. ಆ ಮಾತಿನಲ್ಲಿ ಅವನಿಗೆ ಸುಖವಿತ್ತು.

ಆ ಫೆಬ್ರುವರಿಯಲ್ಲಿ ಕಲ್ಮೇಶನಿಗೆ ಚಿಕೂನ್‌ಗುನ್ಯಾ ಬಂದುಹೋಗಿತ್ತು. ಜ್ವರ ಬಿಟ್ಟಿತ್ತು, ಕೀಲುನೋವು ಬಿಟ್ಟಿರಲಿಲ್ಲ. ಮನೆಯಲ್ಲಿ ಹೆಂಡತಿ ವಿದ್ಯಾವತಿಗೆ ಬಿಟ್ಟರೆ ಯಾರಿಗೂ ಅವನು ಹೇಳಿರಲಿಲ್ಲ. ಗುರುವಾರ ಮಧ್ಯಾಹ್ನ ಅಗರಖೇಡದಿಂದ ಕಾಸಿಂಸಾಬ ಎಂಬ ರೈತನ ಫೋನು ಬಂತು: ಹೊಳೆ ದಂಡೆಯ ಮೋಟಾರು ನಿಂತಿದೆ, ಇವತ್ತೇ ಬರಬೇಕು. ಬಿಸಿಲಲ್ಲಿ ಅಷ್ಟು ದೂರ ಗಾಡಿ ಓಡಿಸುವುದನ್ನು ನೆನೆದೇ ಕಲ್ಮೇಶನ ಮೊಣಕಾಲು ಸಿಡಿಯಿತು. ನೀನು ಹೋಗು ಎಂದು ಕೇಳುವುದು ಅವನಿಗೆ ಬಾರದ ಮಾತು.

"ಒಂದ್ ಕೈ ಆಡೂಣು. ಸೋತಾಂವ ಹೋಗೂದು," ಎಂದ.

ನಡುವೆ ಐದು ಎಲೆ ಬಿದ್ದವು. ಅವುಗಳಲ್ಲಿ ಮೂರು ಬದಾಮಿನ ಎಲೆಗಳು, ಕೆಂಪು ಹೃದಯದವು. ಕೈಯಲ್ಲಿ ಇನ್ನೆರಡು ಬದಾಮು ಇದ್ದವನು ಗೆದ್ದಂತೆಯೇ. ಕಲ್ಮೇಶನ ಕೈಯಲ್ಲಿ ಇದ್ದದ್ದು ಇಸ್ಪೀಟಿನ ರಾಣಿ, ಕಿಲಾವರದ ಗುಲಾಮ. ಯಾವುದಕ್ಕೂ ಬಾರದ ಎಲೆಗಳು. ಅವನು ಎರಡು ಬದಾಮು ಇರುವವನ ಹಾಗೆ ಒಂದೇ ಗುಕ್ಕಿಗೆ ಎಲ್ಲ ಚಿಪ್ಪುಗಳನ್ನೂ ನೂಕಿದ. ಶ್ರೀಶೈಲ ಫೋನು ನೋಡಿದ, ತಲೆಯೆತ್ತಿ ಕಲ್ಮೇಶನನ್ನು ನೋಡಿದ, ಮತ್ತೆ ಫೋನು ನೋಡಿದ. ಆಮೇಲೆ ತನ್ನ ಎಲೆ ತೋರಿಸದೆಯೇ ಬಿಟ್ಟುಕೊಟ್ಟ.

"ನೀ ಗೆದ್ದಿ," ಅಂದು ಬ್ಯಾಗು ಹೆಗಲಿಗೆ ಹಾಕಿಕೊಂಡು ಹೋದ. ಆಗ ಮೂರೂ ಕಾಲು ಗಂಟೆ.

ಐದು ಗಂಟೆಗೆ ಕಾಸಿಂಸಾಬನ ಫೋನು ಮತ್ತೆ ಬಂತು. ಕರೆಂಟು ಇಲ್ಲದಾಗ ಶ್ರೀಶೈಲ ಸ್ಟಾರ್ಟರ್ ಪೆಟ್ಟಿಗೆ ತೆರೆದು ಕುಳಿತಿದ್ದ. ಫ್ಯೂಸು ಕಿತ್ತಿರಲಿಲ್ಲ. ಹೊತ್ತಲ್ಲದ ಹೊತ್ತಿಗೆ ಕರೆಂಟು ಬಂದಿತ್ತು.

ಮಣ್ಣಿಗೆ ಬಂದವರೆಲ್ಲ ನಸೀಬ ಎಂದರು. ಅರ್ಧ ತಾಸು ತಡವಾಗಿ ಹೋಗಿದ್ದರೆ ಉಳಿಯುತ್ತಿದ್ದ ಎಂದರು. ಕಲ್ಮೇಶ ಗೋಡೆಗೆ ಒರಗಿ ನಿಂತು ಕೇಳಿಸಿಕೊಂಡ. ನಸೀಬ ಎನ್ನುವುದು ಆಡಲು ಬಾರದವರ ಮಾತು ಎಂದು ಅವನೇ ಎಷ್ಟು ಸಲ ಹೇಳಿರಲಿಲ್ಲ? ಈಗ ಆ ಒಂದು ಮಾತನ್ನು ಒಪ್ಪಿಕೊಂಡರೆ ಸಾಕಿತ್ತು, ರಾತ್ರಿ ನಿದ್ದೆ ಬರುತ್ತಿತ್ತು. ಒಪ್ಪಲು ಆಗಲಿಲ್ಲ. ಎಲೆ ಅವನನ್ನು ಗೆಲ್ಲಿಸಿರಲಿಲ್ಲ, ತಾನೇ ಗೆದ್ದಿದ್ದ. ಗೆಳೆಯನ ಮುಖ ಓದಿ, ಅವನು ಹೆದರುವಷ್ಟೇ ಹೆದರಿಸಿ, ಅಗರಖೇಡದ ದಾರಿಗೆ ಹಚ್ಚಿದ್ದ. ತಾನು ಹೋಗಿದ್ದರೆ ಫ್ಯೂಸು ಕಿಸೆಯಲ್ಲಿರುತ್ತಿತ್ತು.

ಶ್ರೀಶೈಲನ ಹೆಂಡತಿ ವಿಜಯಲಕ್ಷ್ಮಿ ಮಗಳನ್ನು ಕರೆದುಕೊಂಡು ತವರಿಗೆ, ಬಸವನ ಬಾಗೇವಾಡಿ ಹತ್ತಿರದ ಇಂಗಳೇಶ್ವರಕ್ಕೆ ಹೋದಳು. ಕಲ್ಮೇಶ ಒಬ್ಬನೇ ಅಂಗಡಿ ತೆರೆದ. ತಂತಿ ಸುತ್ತುವಾಗ ಸುತ್ತುಗಳ ಎಣಿಕೆ ನಡುವೆಯೇ ಕಳೆದುಹೋಗುತ್ತಿತ್ತು. ಬೆಂಚಿನ ಆ ತುದಿಯಲ್ಲಿ ಯಾರನ್ನೂ ಕೂಡಿಸುತ್ತಿರಲಿಲ್ಲ. ಗಿರಾಕಿ ಕೂತರೆ ಏನೋ ನೆಪ ಹೇಳಿ ಎಬ್ಬಿಸುತ್ತಿದ್ದ.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಫೋನಿನಲ್ಲಿ ಆ ಆಟದ ಆ್ಯಪ್ ತೆಗೆದುಹಾಕಲು ಹೋದ. ತೆರೆದಾಗ ಗೆಳೆಯರ ಪಟ್ಟಿಯಲ್ಲಿ ಶ್ರೀಶೈಲನ ಹೆಸರಿನ ಮುಂದೆ ಹಸಿರು ಚುಕ್ಕಿ ಇತ್ತು. ಆ ಹೊತ್ತಿಗೆ ಆಟದಲ್ಲಿ ಇರುವವರ ಹೆಸರಿಗೆ ಮಾತ್ರ ಬರುವ ಚುಕ್ಕಿ ಅದು. ಹೊರಗೆ ಬಿಸಿಲು ಬೆಳ್ಳಗೆ ಹೊಡೆಯುತ್ತಿತ್ತು. ಎದುರಿನ ಅಂಗಡಿಯಲ್ಲಿ ಯಾರೋ ಬೇರಿಂಗು ಕುಟ್ಟುತ್ತಿದ್ದರು. ಗಡಿಯಾರದಲ್ಲಿ ಮೂರೂ ಕಾಲು. ದಿನ ಗುರುವಾರ.

ಎರಡು ನಿಮಿಷಕ್ಕೆ ಚುಕ್ಕಿ ಆರಿತು. ಮುಂದಿನ ಗುರುವಾರ ಅದೇ ಹೊತ್ತಿಗೆ ಮತ್ತೆ ಹೊತ್ತಿತು. ಅದರ ಮುಂದಿನ ಗುರುವಾರವೂ. ಕಲ್ಮೇಶ ಆ್ಯಪ್ ತೆಗೆಯಲಿಲ್ಲ. ಗುರುವಾರ ಬಂತೆಂದರೆ ಬೆಳಗಿನಿಂದಲೇ ಊಟ ಸೇರುತ್ತಿರಲಿಲ್ಲ. ಮೂರು ಗಂಟೆಗೆ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಫೋನು ತೊಡೆಯ ಮೇಲಿಟ್ಟು ಕೂಡುತ್ತಿದ್ದ. ಒಮ್ಮೆ, ಚುಕ್ಕಿ ಹೊತ್ತಿದ್ದಾಗ, ಬೆಂಚು ಆ ತುದಿಯಲ್ಲಿ ಸಣ್ಣಗೆ ಕಿರುಗುಟ್ಟಿತು. ಅವನು ತಿರುಗಿ ನೋಡಲಿಲ್ಲ.

ಜೂನಿನಲ್ಲಿ ವಿದ್ಯಾವತಿ ಬಾಯಿ ಬಿಡಿಸಿದಳು. ಚುಕ್ಕಿಯ ಮಾತು ಕೇಳಿ ಅವಳು ಹೆದರಲಿಲ್ಲ.

"ಸತ್ತವ್ರು ಫೋನ್ ಹಿಡಿಯೂದಿಲ್ರಿ. ಅದು ಯಾರ್ ಕೈಯಾಗೋ ಐತಿ. ಹೋಗಿ ನೋಡಿ ಬರ್ರಿ."

ದೇವರಹಿಪ್ಪರಗಿ ದಾಟಿ ಬಾಗೇವಾಡಿ ಮುಟ್ಟುವ ತನಕ ಅವನು ಗಾಡಿಯ ಮೇಲೆ ಹೇಳಬೇಕಾದ ಮಾತುಗಳನ್ನು ಜೋಡಿಸುತ್ತಲೇ ಇದ್ದ. ಇಂಗಳೇಶ್ವರದ ಮನೆಯಲ್ಲಿ ವಿಜಯಲಕ್ಷ್ಮಿಯ ತಂದೆ ಮಡಿವಾಳಪ್ಪ ಕಟ್ಟೆಯ ಮೇಲೆ ಕುಳಿತು ತೊಗರಿ ಬೀಜ ಆರಿಸುತ್ತಿದ್ದರು. ಅವನನ್ನು ಒಳಗೆ ಕರೆದು, ನೀರು ಕೊಡಿಸಿ, ಮತ್ತೆ ತಮ್ಮ ಬೀಜಗಳ ಕಡೆಗೆ ಹೋದರು.

"ಬರ್ರಿ ಅಣ್ಣಾರ. ನಾಕ್ ತಿಂಗಳಾತು," ಎಂದಳು ವಿಜಯಲಕ್ಷ್ಮಿ. ಮೊದಲಿಗಿಂತ ಬಡವಾಗಿದ್ದಳು. ದನಿ ಮಾತ್ರ ಗಟ್ಟಿಯಿತ್ತು.

"ತಂಗಿ, ಅವನ ಫೋನ್ ನಿನ್ ಕಡೆ ಐತೇನು?"

"ಐತ್ರಿ."

"ಗುರುವಾರಕ್ಕೊಮ್ಮೆ ಅದರಾಗಿನ ಆಟ ಯಾರೋ ತೆಗೀತಾರ."

"ನಾನ ತೆಗೀತೇನಿ. ನಾ ಇದನ್ನ ತೆಗದ್ರ ಅಲ್ಲಿ ಕಲ್ಮೇಶಗ ಹಸರ ಚುಕ್ಕಿ ಕಾಣತೈತಿ ಅಂತ ಒಮ್ಮೆ ಅವರು ತೋರಿಸಿದ್ರು. ನಿಮಗ ಕಾಣಸ್ಲಿ ಅಂತ ಆವತ್ತ ಅವರು ಅಂಗಡಿ ಬಿಟ್ಟ ಹೊತ್ತಿಗೇ ತೆಗೀತಿದ್ದೆ."

"ಒಂದ್ ಫೋನ್ ಮಾಡಿದ್ರ ಬರ್ತಿದ್ದೆ," ಎಂದ.

"ಕರದ್ರ ಬರ್ತಿದ್ರಿ, ಖರೆ. ಕರೀಲಾರದ ಬರ್ತೀರೇನು ಅಂತ ನೋಡಬೇಕಾಗಿತ್ತು."

ದಾರಿಯುದ್ದಕ್ಕೂ ಜೋಡಿಸಿದ ಮಾತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. "ಆವತ್ತ ಹೋಗೂದು ನನ್ ಪಾಳಿ ಇತ್ತು," ಎಂದಷ್ಟೇ ಹೇಳಿದ.

"ಗೊತ್ತೈತ್ರಿ. ಪೆಟ್ರೋಲ್ ಹಾಕಸ್ಕೋತ ಫೋನ್ ಮಾಡಿದ್ರು. ಕಲ್ಮೇಶನ ಮಣಕಾಲ್ ಬಾತಾವ, ಬಾಯಿ ಬಿಟ್ಟು ಹೇಳವಲ್ಲ, ಅದಕ್ಕ ಸೋತು ಬಂದೆ ಅಂದ್ರು."

"ಬೇಕಂತ ಸೋತು ಬಂದಿಲ್ಲ ತಂಗಿ. ನಾ ಸುಳ್ಳ ಹೆದರಿಸಿ ಸೋಲಿಸಿದೆ. ನನ್ ಕೈಯಾಗ ಏನೂ ಇರಲಿಲ್ಲ. ಅಂವ ಹೆದರಿ ಎಲಿ ಬಿಟ್ಟ."

ಅವಳು ಒಳಗಿನಿಂದ ಫೋನು ತಂದು ಅವನ ಮುಂದಿಟ್ಟಳು. "ನನಗ ಈ ಆಟ ತಿಳಿಯೂದಿಲ್ಲ. ಹಳೇ ಆಟ ಎಲ್ಲಾ ಇದರಾಗ ಇರ್ತಾವಂತ. ನೀವ ನೋಡ್ರಿ."

ಆ್ಯಪ್‌ನಲ್ಲಿ ಆಡಿದ ಪ್ರತಿ ಕೈಯೂ ದಿನಾಂಕದೊಂದಿಗೆ ಉಳಿದಿತ್ತು. ಎದುರಾಳಿ ಬಿಟ್ಟುಕೊಟ್ಟ ಎಲೆಗಳು ಕಲ್ಮೇಶನ ಫೋನಿನಲ್ಲಿ ಎಂದೂ ಕಾಣುತ್ತಿರಲಿಲ್ಲ. ಇದು ಶ್ರೀಶೈಲನದೇ ಫೋನು, ಅವನ ಎಲೆಗಳು ತೆರೆದೇ ಇದ್ದವು. ಕೊನೆಯ ಕೈಯನ್ನು ಕಲ್ಮೇಶ ಒತ್ತಿದ. ಬದಾಮಿನ ಎಕ್ಕಾ. ಬದಾಮಿನ ಹತ್ತು.

ಅವತ್ತು ನಡುವೆ ಬಿದ್ದಿದ್ದ ಎಲೆಗಳ ಜೊತೆ ಅದಕ್ಕಿಂತ ದೊಡ್ಡ ಕೈ ಯಾರಿಗೂ ಇರಲು ಸಾಧ್ಯವೇ ಇರಲಿಲ್ಲ. ಆಡಲು ಕಲಿತ ಮೊದಲ ವಾರದವನಿಗೂ ಅದು ಗೊತ್ತಾಗುತ್ತಿತ್ತು. ಅಷ್ಟನ್ನು ಕೈಯಲ್ಲಿ ಹಿಡಿದುಕೊಂಡು ಅವನು ತಲೆಯೆತ್ತಿ ನೋಡಿದ್ದು ಕಲ್ಮೇಶನ ಮುಖವನ್ನಲ್ಲ, ಬೆಂಚಿನ ಮೇಲೆ ಚಾಚಿಟ್ಟಿದ್ದ ಅವನ ಕಾಲನ್ನು.

ಕಲ್ಮೇಶ ಬೆರಳಾಡಿಸುತ್ತ ಹಿಂದಕ್ಕೆ ಹೋದ. ಜನವರಿ, ಡಿಸೆಂಬರ್, ನವೆಂಬರ್. ಕೆಲವು ಕೈಗಳಲ್ಲಿ ಶ್ರೀಶೈಲ ನಿಜವಾಗಿಯೂ ಸೋತಿದ್ದ. ಕೆಲವು ಗೆಲ್ಲುವ ಕೈಗಳನ್ನು ಸುಮ್ಮನೆ ಬಿಟ್ಟಿದ್ದ. ಕಲ್ಮೇಶನ ತಾಯಿ ದವಾಖಾನೆಯಲ್ಲಿದ್ದ ವಾರ ಒಂದೇ ಒಂದು ಕೈಯನ್ನೂ ಗೆದ್ದಿರಲಿಲ್ಲ. ಇನ್ನು ಕೆಲವು ಕೈಗಳಿಗೆ ಕಾರಣವೇ ಹೊಳೆಯಲಿಲ್ಲ. ನಿಜವಾಗಿ ಹೆದರಿದ್ದನೋ, ಚಹಾ ತರಲು ತಾನೇ ಹೋಗಬೇಕೆನಿಸಿತ್ತೋ. ಮುಖ ನೋಡಿ ಎಲೆ ಹೇಳುತ್ತೇನೆ ಎಂದು ಇವನು ಬೀಗುತ್ತಿದ್ದಾಗ ಅವನು ಚಪ್ಪಲಿ ಮೆಟ್ಟುತ್ತ ನಗುತ್ತಿದ್ದ.

ಫೋನು ಕೆಳಗಿಟ್ಟ. ತಾನು ಕೊಂದೆ ಎಂದುಕೊಂಡು ನಾಲ್ಕು ತಿಂಗಳು ಹೊತ್ತ ಭಾರವನ್ನು ಯಾರೋ ಇಳಿಸಿಕೊಂಡು, ಅದೇ ಜಾಗದಲ್ಲಿ ಬೇರೆ ಏನನ್ನೋ ಹೊರಿಸಿದಂತಿತ್ತು. ಇದಕ್ಕೆ ಹೆಸರೂ ಇರಲಿಲ್ಲ.

"ಏನೈತ್ರಿ ಅದರಾಗ?" ಎಂದು ವಿಜಯಲಕ್ಷ್ಮಿ ಕೇಳಿದಳು.

"ಅಂವಂದ ದೊಡ್ಡ ಕೈ ಇತ್ತು. ಬಿಟ್ಟು ಕೊಟ್ಟಾನ."

ಅವಳು ಅಳಲಿಲ್ಲ. ಫೋನನ್ನು ತನ್ನ ಕಡೆ ಎಳೆದುಕೊಂಡು ಸೆರಗಿನಿಂದ ಒರೆಸಿದಳು. ಆಮೇಲೆ ಹೇಳಿದಳು: "ಒಮ್ಮೊಮ್ಮೆ ನನಗ ನಿಮ್ಮ ಮ್ಯಾಲ ಸಿಟ್ಟ ಬರತೈತಿ. ಒಮ್ಮೊಮ್ಮೆ ಅವರ ಮ್ಯಾಲ. ಫ್ಯೂಜ್ ತೆಗೀಲಾರದ ಕೈ ಹಾಕಬ್ಯಾಡ್ರಿ ಅಂತ ನಾ ಎಷ್ಟ ಸಲ ಹೇಳಿಲ್ಲ?" ಫೋನು ಪಕ್ಕಕ್ಕಿಟ್ಟು ಮುಂದುವರಿಸಿದಳು: "ಸಾಲಿ ಸುರು ಆಗ್ಯಾವ. ಮಗಳನ್ನ ಇಂಡಿ ಸಾಲಿಗೇ ಹಾಕ್ತೇನಿ. ಸ್ವಾಮಾರದಿಂದ ನಾ ಅಂಗಡಿಗೆ ಬರ್ತೇನಿ. ಅವರ ಪಾಲು ಅಲ್ಲಿ ಐತಿ, ನಾ ದುಡದು ತಗೋತೇನಿ."

"ನನ್ನ ಕೂಡ ಕೂಡಾಕ ಆಗ್ತೈತೇನು ನಿನಗ?"

"ಗೊತ್ತಿಲ್ರಿ. ಬಂದು ನೋಡ್ತೇನಿ."

ಸೋಮವಾರ ಅವಳು ಬಂದಳು. ಕಲ್ಮೇಶ ಫೋನಿನಿಂದ ಆಟವನ್ನು ಅಳಿಸಿ ಹಾಕಿದ್ದ. ತಂತಿ ಸುತ್ತುವುದನ್ನು ಅವಳು ಬೇಗ ಕಲಿತಳು. ಬೆರಳು ಸಣ್ಣವು, ಎಣಿಕೆ ತಪ್ಪುತ್ತಿರಲಿಲ್ಲ. ದೀಪಾವಳಿಯ ಹೊತ್ತಿಗೆ ಗಿರಾಕಿಗಳು ಮೋಟಾರು ತಂದಾಗ ಅವಳನ್ನೇ ಕೇಳುವಂತಾದರು. ಇಬ್ಬರ ನಡುವೆ ಕೆಲಸದ ಮಾತು ನಡೆಯುತ್ತಿತ್ತು, ಆ ಗುರುವಾರದ ಮಾತು ಮತ್ತೆ ಬರಲಿಲ್ಲ.

ಒಮ್ಮೊಮ್ಮೆ ಅವಳು ಕೈಯಲ್ಲಿನ ತಂತಿ ನಿಲ್ಲಿಸಿ, ತಲೆಯೆತ್ತಿ ಕಲ್ಮೇಶನ ಕಡೆ ನೋಡುತ್ತಾಳೆ. ಅವನು ಕೆಲಸ ಬಿಟ್ಟು ಕಾಯುತ್ತಾನೆ. ಕ್ಷಮಿಸಿದ್ದಾಳೋ, ಇಲ್ಲವೋ, ಸುತ್ತುಗಳನ್ನು ಎಣಿಸುತ್ತಿದ್ದಾಳೋ, ಅವನಿಗೆ ತಿಳಿಯುವುದಿಲ್ಲ. ಅವಳು ಮತ್ತೆ ತಲೆ ತಗ್ಗಿಸಿ ತಂತಿ ಎಳೆದುಕೊಳ್ಳುತ್ತಾಳೆ.