ಮೊಣಕಾಲೂರಿ ಎದ್ದ ಸೋದರತ್ತೆ

ನಮ್ಮ ಮಸಾಕಾ ಸೀಮೆಯಲ್ಲಿ ಮನೆಗೆ ಬಂದವರನ್ನು ಹೆಂಗಸರು ಮೊಣಕಾಲೂರಿಯೇ ಮಾತಾಡಿಸುವುದು. ನಮ್ಮೂರ ನಜ್ಜೆಂಬಾ ಅತ್ತೆಗೆ ಅದೇ ಕಷ್ಟಕ್ಕೆ ಬಂತು. ಬಿ.ಪಿ. ಮಾತ್ರೆ ಶುರುವಾದಾಗಿನಿಂದ, ನೆಲದಿಂದ ಎದ್ದರೆ ಕಣ್ಣು ಕತ್ತಲೆ. ಒಮ್ಮೆ ಪಾದ್ರಿಗಳ ಎದುರಿಗೇ ತೂರಾಡಿ ಬಾಗಿಲು ಹಿಡಿದುಕೊಂಡಿದ್ದಳು. ಅಂದಿನಿಂದ ನೆಂಟರು ಬರುವ ದಿನ ಮಾತ್ರೆ ನುಂಗುವುದನ್ನೇ ಬಿಟ್ಟಳು.

ಅಷ್ಟರಲ್ಲಿ ತಮ್ಮನ ಮಗಳು ನಮುಲಿಗೆ ಸಂಬಂಧ ಕೂಡಿತು. ಗಂಡಿನ ಕಡೆಯವರು ಬಂದಾಗ ಸೋದರತ್ತೆಯೇ ಎಲ್ಲರೆದುರು ಮೊಣಕಾಲೂರಿ ಸ್ವಾಗತಿಸಬೇಕು, ಅವರ ನಡುವೆ ಕೂತ ಅಳಿಯನನ್ನು ಗುರುತಿಸಿ ತೋರಿಸಬೇಕು; ಅದು ನಮ್ಮ ಪದ್ಧತಿ. ಅಲ್ಲೇ ಬಿದ್ದರೆ ಹುಡುಗಿಯ ಗತಿಯೇನು? ಅತ್ತೆ ಹದಿನೈದು ದಿನ ಮೊದಲೇ ಮಾತ್ರೆ ನಿಲ್ಲಿಸಿದಳು.

ಐದನೆಯ ದಿನ ಊರಿನ ಆರೋಗ್ಯ ಕಾರ್ಯಕರ್ತೆ ನಬ್ಬೋಸ ಬಂದಳು. ಬಾಳೆಕಾಯಿ ಸುಲಿಯುತ್ತಿದ್ದ ಅತ್ತೆ, ಈಗ ತಲೆ ಹಗುರವಾಗಿದೆ ಎಂದು ಬೀಗಿದಳು. ನಬ್ಬೋಸ ತೋಳಿಗೆ ಪಟ್ಟಿ ಕಟ್ಟಿ ನೋಡಿದರೆ ಬಿ.ಪಿ. ನೂರ ತೊಂಬತ್ತು.

"ಅತ್ತೆ, ಹಿಂಗೇ ಬಿಟ್ರೆ ಬೀಗರು ಬರೋಕೆ ಮೊದ್ಲೇ ಲಕ್ವ ಹೊಡೀಬಹುದು."

"ಮಾತ್ರೆ ತಿಂದು ಬೀಗರ ಮುಂದೆ ಉರುಳಲಾ? ಎತ್ತಿ ನಿಲ್ಸೋಳು ನೀನಾ?"

"ನಿಮ್ಮನ್ನ ಎತ್ತೋಕೆ ನಾಲ್ಕು ಜನ ಬೇಕು. ಅದ್ಕೇ ಹೇಳೋದು, ನಡೀರಿ ಡಾಕ್ಟ್ರ ಹತ್ರ. ನೀವು ಬಾಯಿ ಬಿಡ್ದೆ ಅವ್ರಿಗೆ ಹೆಂಗೆ ಗೊತ್ತಾಗ್ಬೇಕು?"

ಅತ್ತೆ ಹೋಗಿ ಎಲ್ಲವನ್ನೂ ಹೇಳಿದಾಗ ಡಾಕ್ಟರು ಬೈಯಲಿಲ್ಲ. ಈ ಮಾತ್ರೆಗಳಿಂದ ಕೆಲವರಿಗೆ ತಲೆ ಸುತ್ತುತ್ತದೆ, ಕೆಲವರಿಗೆ ಪಾದ ಊದುತ್ತದೆ, ಒಣಕೆಮ್ಮು ಬರುತ್ತದೆ, ಪದೇಪದೇ ಮೂತ್ರಕ್ಕೆ ಹೋಗಬೇಕಾಗುತ್ತದೆ. ಮಾತ್ರೆಯನ್ನೋ ಅಳತೆಯನ್ನೋ ಬದಲಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ ಎಂದರು. ಅತ್ತೆಯ ಮಾತ್ರೆ ಬದಲಿಸಿದರು. ಏಳುವಾಗ ಏನನ್ನಾದರೂ ಹಿಡಿದು, ಮೊದಲು ಒಂದು ಪಾದ ಊರಿ, ಉಸಿರು ಎಳೆದು, ಆಮೇಲೆ ನಿಲ್ಲಲು ಹೇಳಿದರು.

ಅತ್ತೆ ಹೊಸ ಮಾತ್ರೆಯನ್ನು ಒಂದು ದಿನವೂ ಬಿಡಲಿಲ್ಲ. ಬೀಗರು ಬಂದರು. ಅತ್ತೆ ಚಾಪೆಯ ಮೇಲೆ ಮೊಣಕಾಲೂರಿ ಸ್ವಾಗತದ ಮಾತು ಮುಗಿಸಿದಳು. ಬಳಿಯಿದ್ದ ಮಣೆಯ ಮೇಲೆ ಕೈಯಿಟ್ಟಳು. ಮನಸ್ಸಿನಲ್ಲೇ ದೇವರನ್ನು ನೆನೆದು, ಒಂದು ಪಾದ ಊರಿ, ತಡೆದು ಎದ್ದಳು. ಕಣ್ಣು ತಿಳಿಯಾಗಿತ್ತು. ನೇರ ಬೀಗರ ನಡುವೆ ನಡೆದು ಅಳಿಯನನ್ನು ಕೈಹಿಡಿದು ಕರೆತಂದಳು. ಇಷ್ಟು ಗಂಭೀರವಾಗಿ ಏಳುವ ಸೋದರತ್ತೆಯನ್ನು ತಾವು ಕಂಡೇ ಇಲ್ಲವೆಂದು ಬೀಗರ ಹಿರಿಯರು ಹೊಗಳಿದರು.

ಅಕ್ಕಂದಿರೇ, ಅಣ್ಣಂದಿರೇ, ಮಾತ್ರೆಯಿಂದ ತೊಂದರೆಯಾದರೆ ಮುಚ್ಚಿಡಬೇಡಿ, ನಿಮ್ಮಷ್ಟಕ್ಕೇ ನಿಲ್ಲಿಸಬೇಡಿ. ಡಾಕ್ಟರಿಗೆ ಹೇಳಿ. ತುಟಿ, ನಾಲಗೆ, ಮುಖ ಊದಿದರೆ ಮಾತ್ರ ಇನ್ನೊಂದು ಮಾತ್ರೆ ನುಂಗದೆ ಕೂಡಲೇ ಆಸ್ಪತ್ರೆಗೆ ಹೋಗಿ. ದೇವರು ಕೊಟ್ಟ ದೇಹ ತನ್ನ ನೋವನ್ನು ನಮಗೆ ಹೇಳುತ್ತದೆ. ಅದನ್ನು ಬಲ್ಲವರಿಗೆ ಮುಟ್ಟಿಸುವುದು ನಮ್ಮ ಕೆಲಸ.