ಸಣ್ಣ ಬಾಯಿಯ ದೊಡ್ಡ ಗಾಡಿ

ನಳಿಕೆ ಒಳಗೆ ಹೋಗಲೊಲ್ಲದು. ಜಯಮಾಲಾ ಅದನ್ನು ಓರೆ ಮಾಡಿ ನೋಡಿದಳು, ತಿರುಗಿಸಿ ನೋಡಿದಳು, ಕೊನೆಗೆ ಹಟಮಾರಿ ಕರುವಿಗೆ ಗೊಟ್ಟ ಹಾಕುವವಳಂತೆ ತುಸು ಒತ್ತಿಯೂ ನೋಡಿದಳು. ಡೀಸೆಲ್ ಯಂತ್ರದ ನಳಿಕೆ ದಪ್ಪ, ಗಾಡಿಯ ಬಾಯಿ ಸಣ್ಣದು. ನಿಲಂಗಾ ಊರ ಹೊರಗಿನ ಆ ಪಂಪಿನಲ್ಲಿ ಎಷ್ಟೋ ಟ್ರ್ಯಾಕ್ಟರು, ಲಾರಿಗಳ ಹೊಟ್ಟೆ ತುಂಬಿಸಿದ ಕೈ ಅವಳದು. ಇಂಥ ಮೊಂಡುತನ ಕಂಡಿರಲಿಲ್ಲ.

"ಕಾಕಾ, ಡೀಸೆಲ್ಲೇ ಹೌದಲ್ಲ?"

"ಮತ್ತೇನ ಪೆಟ್ರೋಲೇನವಾ?" ಗಾಡಿಯ ಪಕ್ಕದಲ್ಲಿ ನಿಂತಿದ್ದ ವೀರಭದ್ರ ನಕ್ಕ. "ಇಷ್ಟ ದೊಡ್ಡ ಗಾಡಿ ಪೆಟ್ರೋಲ್ ಕುಡೀಲಿಕ್ಕ ಅದೇನ ಸ್ಕೂಟಿ ಅದ? ಫಾರಿನ್ ಮಾಲು. ಬಾಯಿ ನಾಜೂಕ ಇರತದ."

"ಥಾಂಬಾ, ತಡಿ ಹಂಗಾದ್ರ. ಲಾಳಿಕಿ ತರತೀನಿ."

ಜಯಮಾಲಾ ಒಳಗಿನಿಂದ ತಗಡಿನ ಲಾಳಿಕೆ ತಂದಳು. ಲಾಳಿಕೆಯ ತುದಿ ಸಣ್ಣ ಬಾಯಿಯೊಳಗೆ ಸಲೀಸಾಗಿ ಇಳಿಯಿತು. ಡೀಸೆಲ್ ಗುಳುಗುಳು ಎನ್ನುತ್ತ ಹೋಗತೊಡಗಿತು. ವೀರಭದ್ರ ಸೊಂಟದ ಮೇಲೆ ಕೈಯಿಟ್ಟು, ತಾನೇ ಆ ಗಾಡಿಯನ್ನು ಹೆತ್ತು ಸಾಕಿದವನ ಹಾಗೆ ಅದನ್ನು ನೋಡುತ್ತ ನಿಂತ.

ಅವನ ಖುಷಿಗೆ ಕಾರಣವಿತ್ತು. ಯೆಣೆಗೂರಿನಿಂದ ಉಮರ್ಗಾಕ್ಕೆ ಜೀಪು ಹೊಡೆದು ಹೊಡೆದು ಅವನ ಸೊಂಟ ಸವೆದಿತ್ತು. ಒಳಗೆ ಹಿಡಿಸುವಷ್ಟು ಜನ, ಹಿಂದೆ ಜೋತುಬಿದ್ದವರು ಅಷ್ಟೇ ಜನ, ಅದರ ಮೇಲೆ ಹೆಜ್ಜೆಹೆಜ್ಜೆಗೂ ಕ್ಲಚ್ಚು. ಹೋದ ವರ್ಷ ಎಡಗಾಲು ತೊಡೆಯಿಂದ ಹೆಬ್ಬೆರಳಿನವರೆಗೆ ಜೋಮು ಹಿಡಿದು ನಿಂತಿತು. ಡಾಕ್ಟರು ಎಕ್ಸ್‌ರೇ ಫಿಲ್ಮನ್ನು ಬೆಳಕಿಗೆ ಹಿಡಿದು, ಇನ್ನು ಕ್ಲಚ್ ಒತ್ತುವ ಕೆಲಸ ಬಿಡು ಎಂದರು. ಹೇಳುವುದೇನೋ ಸುಲಭ. ವೀರಭದ್ರನಿಗೆ ಬರುತ್ತಿದ್ದುದು ಅದೊಂದೇ ಕೆಲಸ. ಆಮೇಲೆ ಅವನು ಮನೆಯ ಕಟ್ಟೆಯ ಮೇಲೆ ಕೂತು ಹೋಗುವ ಬರುವ ಗಾಡಿಗಳ ಗೇರು ಕಿವಿಯಲ್ಲೇ ಎಣಿಸುತ್ತ ದಿನ ಕಳೆದ. ಹೆಂಡತಿ ದ್ರೌಪದಿಗೆ ಅದನ್ನು ನೋಡಲಾಗಲಿಲ್ಲ. ಉಮರ್ಗಾದಲ್ಲಿ ಬೇಳೆ ಮಿಲ್ಲಿನ ಉಮಾಕಾಂತ ಸಾವಕಾರ ಕ್ಲಚ್ಚೇ ಇಲ್ಲದ ಗಾಡಿ ತಂದಿದ್ದಾನೆಂದು ಕೇಳಿದ್ದೇ, ಆಕೆ ಸೆರಗು ಸಿಕ್ಕಿಸಿಕೊಂಡು ಹೋಗಿ ಅವನ ತಾಯಿ ಕಸ್ತೂರಬಾಯಿಯ ಮುಂದೆ ನಿಂತಳು.

ಸಾವಕಾರ ಒಪ್ಪಿದ, ಆದರೆ ಅರ್ಧ. "ನಮ್ಮವ್ವಗ ಉದಗೀರಿಗೆ ಆಕಿ ತಂಗಿ ಮನಿಗಿ ಕರಕೊಂಡ ಹೋಗಿ ಬಾ. ಅವ್ವ ಇಳದು ಚಲೋ ಹೊಡದಾನ ಅಂದ್ಳಂದ್ರ, ಕೀಲಿ ನಿಂದು."

ಆ ಹೋಗಿಬರುವ ದಿನವೇ ಇಂದು. ಅರ್ಧ ದಾರಿ ಸುಖವಾಗಿ ಕಳೆದಿತ್ತು.

ಗಾಡಿ ಒಪ್ಪಿಸುವ ಮೊದಲು ಸಾವಕಾರ ಅವನಿಗೆ ಮಿಲ್ಲಿನ ಅಂಗಳದಲ್ಲಿ ಒಂದು ಪಾಠವನ್ನೂ ಮಾಡಿದ್ದ. ಹೈದರಾಬಾದಿನಿಂದ ಸೆಕೆಂಡ್‌ಹ್ಯಾಂಡಿನಲ್ಲಿ ತರುವ ಮೊದಲು ತಿಂಗಳುಗಟ್ಟಲೆ ಮೊಬೈಲಿನಲ್ಲಿ ಅದನ್ನೇ ಓದಿದವನು, ಸಿಕ್ಕವರಿಗೆಲ್ಲ ಹೇಳದೆ ಬಿಡುತ್ತಿರಲಿಲ್ಲ. "ನೋಡು ವೀರಭದ್ರ, ಈ ಪೀಳಿಗಿ ಗಾಡಿ ಎಲ್ಲಾ ಒಂದೇ ತಾಯಿ ಮಕ್ಕಳಿದ್ದಾಂಗ. ಮಾರಿ ಒಂದೇ, ಹೊಟ್ಟಿ ಬ್ಯಾರೆ. ನಾಕು ಸಿಲಿಂಡರಿಂದು ಒಂದು, ಆರರದ್ದು ಒಂದು, ಎಂಟರದ್ದು ಒಂದು. ಆರರದ್ರಾಗ ಮತ್ತ ಎರಡು ಜಾತಿ. ಇನ್ನೊಂದಂತೂ ಅರ್ಧ ಬ್ಯಾಟರಿ ಮ್ಯಾಲ ಓಡತದ." ವೀರಭದ್ರ ಎಲ್ಲದಕ್ಕೂ "ಹೌದ್ರೀ" ಎನ್ನುತ್ತಿದ್ದ. ಆ ಹೊತ್ತಿಗೆ ಅವನು ಸೀಟಿನಲ್ಲಿ ಕೂತಿದ್ದ. ಅವನ ಎಡಗಾಲು ತಾನಾಗಿಯೇ ಕ್ಲಚ್ಚನ್ನು ಹುಡುಕಿಕೊಂಡು ಹೋಗಿ, ಏನೂ ಸಿಗದೆ, ಮೆತ್ತನೆಯ ಹಾಸಿನ ಮೇಲೆ ಸುಮ್ಮನೆ ಮಲಗಿಬಿಟ್ಟಿತ್ತು. ಅವನ ಕಣ್ಣು ತುಂಬಿಬಂದವು. ನಮ್ಮದು ಇಂಥ ಹೊಟ್ಟೆಯದು ಎಂದು ಸಾವಕಾರ ಹೇಳಿದ್ದು ಆಗಲೇ ಇರಬೇಕು. ವೀರಭದ್ರನ ಕಿವಿಗೆ ಅದು ಬೀಳಲೇ ಇಲ್ಲ.

ಬಿದ್ದಿದ್ದರೂ ಏನು? ಅವನು ಕೈ ಕುದುರಿಸಿಕೊಂಡದ್ದು ನಿಲಂಗಾದಲ್ಲಿದ್ದ ಸಾವಕಾರನ ಅಣ್ಣನ ಮಗ ನೀಲೇಶನ ಗಾಡಿಯ ಮೇಲೆ. ಅದೇ ಪೀಳಿಗೆ, ಅದೇ ಕಪ್ಪು ಬಣ್ಣ, ಅದೇ ಮೂತಿ. ಅದಕ್ಕೆ ಡೀಸೆಲ್ಲನ್ನು ತಾನೇ ನಿಂತು ಹಾಕಿಸಿದ್ದ. ಎರಡೂ ಅವಳಿಜವಳಿ ಎಂದು ಅವನ ಲೆಕ್ಕ. ಗಾಡಿಯ ಬೆನ್ನ ಮೇಲೆ ಕಂಪನಿಯವರು ಕೂರಿಸಿದ ಮಾಡೆಲ್ಲಿನ ಅಕ್ಷರಗಳಾದರೂ ಏನಾದರೂ ಹೇಳುತ್ತಿದ್ದವೇನೋ, ಈ ಗಾಡಿಯ ಮೊದಲಿನ ಮಾಲೀಕ ಶೋಕಿಗೆಂದು ಅವನ್ನು ಕೀಳಿಸಿದ್ದ.

ಉಳಿದದ್ದು ಎಣ್ಣೆ ಹಾಕುವ ಬಾಯಿಯ ಮುಚ್ಚಳದ ಒಳಬದಿಯ ಚೀಟಿ. ಅದರ ಕಥೆ ಬೇರೆ. ಗಾಡಿಯ ಪೂಜೆಯ ದಿನ ಕಸ್ತೂರಬಾಯಿ ದೇವರ ಸ್ಟಿಕರ್ ತಂದಿದ್ದಳು. ಗಾಜಿನ ಮೇಲೆ ಬೇಡ, ಬಾನೆಟ್ಟಿನ ಮೇಲೆ ಬೇಡ, ಬಣ್ಣ ಹಾಳಾಗುತ್ತದೆ ಎಂದು ಮಗ ತಕರಾರು ತೆಗೆದ. ಮುದುಕಿ ಗಾಡಿಯ ಸುತ್ತ ಒಂದು ಸುತ್ತು ಹಾಕಿದಳು. "ಅದು ಉಣ್ಣೂ ಬಾಯಿ ಎಲ್ಲದ? ಅಲ್ಲಿ ಹಚ್ಚರಿ. ಉಣ್ಣೂ ಮುಂದ ದೇವರ ಹೆಸರು ತಗೋಬೇಕಿಲ್ಲೋ?" ಹೀಗೆ ಶ್ರೀ ಸಿದ್ಧರಾಮೇಶ್ವರ ಪ್ರಸನ್ನ ಎಂಬ ಕೇಸರಿ ಸ್ಟಿಕರು ಮುಚ್ಚಳದ ಒಳಬದಿಗೆ ಬಂದು ಕೂತಿತು. ಅಲ್ಲಿದ್ದ ಅಕ್ಷರಗಳನ್ನು ಅದಕ್ಕೂ ಮೊದಲು ಯಾರೂ ಓದಿರಲಿಲ್ಲ, ಆಮೇಲೆ ಓದುವ ಹಾಗೂ ಇರಲಿಲ್ಲ.

"ವೀರಭದ್ರಾ," ಹಿಂದಿನ ಸೀಟಿನಿಂದ ಕಸ್ತೂರಬಾಯಿ ಕಿಟಕಿಯ ಗಾಜು ಇಳಿಸಿ ಕರೆದಳು. ಮುಖದಲ್ಲಿ ಪೂಜೆ ಮುಗಿಸಿದವರ ಕಳೆಯಿತ್ತು. ಬಿಸಿಲೇರುವ ಮೊದಲೇ ಹೊರಟಿದ್ದರಿಂದ ಅವಳ ಲಿಂಗಪೂಜೆ ದಾರಿಯಲ್ಲೇ ಆಗಿತ್ತು. ಪೂಜೆಯಾಗದೆ ಬಾಯಿಗೆ ನೀರೂ ಹಾಕದ ಹೆಂಗಸು. ಹಾಗಾಗಿ ವೀರಭದ್ರ ರಸ್ತೆ ಬದಿಯ ಬೇವಿನ ನೆರಳಿಗೆ ಗಾಡಿ ನಿಲ್ಲಿಸಿ, ಸೆಕೆಯಾಗದಿರಲೆಂದು ಇಂಜಿನ್ ಚಾಲೂ ಇಟ್ಟು, ತಾನು ಹೊರಗೆ ಬೇವಿನ ಬುಡದಲ್ಲಿ ಕೂತಿದ್ದ. ಒಳಗೆ ಅವಳು ಎಡಗೈಯ ಅಂಗೈಯಲ್ಲಿ ಲಿಂಗವಿಟ್ಟು, ವಿಭೂತಿ ಹಚ್ಚಿ, ನೀರೆರೆದು, ಒಂದು ಬಿಳಿ ಕಣಗಿಲೆ ಹೂ ಏರಿಸಿ, ಅದನ್ನೇ ದಿಟ್ಟಿಸುತ್ತ ಕೂತಿದ್ದಳು.

"ಏನ್ರೀ ಆಯಿ?"

"ನಿನ್ನ ಕೈ ಭಾಳ ತಣ್ಣಗದ ಮಗಾ. ಇವತ್ತ ಪೂಜಾ ಎಷ್ಟ ಚಲೋ ಆಯ್ತು ಅಂತಿ! ಏರಿಸಿದ ಹೂ ಏರಿಸಿದಲ್ಲೇ ನಿಂತಿತ್ತು. ನೀಲೇಶನ ಗಾಡ್ಯಾಗ ಪೂಜಾಕ್ಕ ಕುಂತ್ರ ಹೂ ನಿಲ್ಲಂಗಿಲ್ಲೋ. ಗುಜುಗುಜು ಅಂತ ನಡಗತದ, ಜಾರಿ ಮಡಿಲಿಗಿ ಬೀಳತದ. ಮನಿಗಿ ಹ್ವಾದ್ಮ್ಯಾಲ ಉಮಾಕಾಂತಗ ಹೇಳ್ತೀನಿ. ಹುಡುಗ ಚಲೋ ಹೊಡೀತಾನ ಅಂತ."

ವೀರಭದ್ರನ ಎದೆಯುಬ್ಬಿತು. ಕೆಲಸ ಸಿಕ್ಕಿತು ಎಂದುಕೊಂಡ. ದ್ರೌಪದಿಗೆ ಫೋನ್ ಮಾಡಬೇಕು ಎಂದುಕೊಂಡ. ಮರುಕ್ಷಣ ತಾನು ಬೇವಿನ ಬುಡದಲ್ಲಿ ಕೂತಿದ್ದುದು ನೆನಪಾಯಿತು. ಗಾಡಿ ನಿಂತಿತ್ತು. ನಿಂತ ಗಾಡಿಯಲ್ಲಿ ಹೂ ಬೀಳದಿದ್ದರೆ ಅದರಲ್ಲಿ ತನ್ನ ಕೈಯ ಪಾಲೇನು?

ಪೂಜೆಗೆ ಎರಡೂ ಗಾಡಿ ನಿಂತೇ ಇದ್ದವು, ಇಂಜಿನ್ ಚಾಲೂ ಇತ್ತು. ನೀಲೇಶನ ಡೀಸೆಲ್ ಗಾಡಿ ನಡುಗಿ ಹೂ ಬಿತ್ತು, ಇಲ್ಲಿ ಬೀಳಲಿಲ್ಲ. ಮಾರಿ ಒಂದೇ, ಹೊಟ್ಟಿ ಬ್ಯಾರೆ.

"ಏ ಜಯಮಾಲಾ, ನಿಂದರಸು! ನಿಂದರಸವಾ!"

ಅವನ ಕೂಗಿಗೆ ಅವಳ ಕೈಯಿಂದ ಲಾಳಿಕೆಯೇ ಜಾರಿಬಿತ್ತು. ವೀರಭದ್ರ ಮುಚ್ಚಳದ ಒಳಗಿನ ಸ್ಟಿಕರಿನ ಅಂಚಿಗೆ ಉಗುರು ಹಾಕಿದ. ದೇವರ ಹೆಸರು ಹರಿಯಬಾರದೆಂದು ನಿಧಾನವಾಗಿ, ಆದರೆ ನಿಧಾನ ಮಾಡಲು ಜೀವ ತಡೆಯದೆ, ಸುಲಿದ. ಕೆಳಗೆ ಇಂಗ್ಲಿಷ್ ಅಕ್ಷರಗಳು ಕಂಡವು. ಓದಿದವಳು ಜಯಮಾಲಾ.

"ಪೆಟ್ರೋಲ್ ಓನ್ಲಿ. ಅರೇ ದೇವಾ! ಕಾಕಾ, ಅದಕ್ಕೇ ಅದು ಬಾಯಿ ತೆರೀಲಿಲ್ಲ ನೋಡು. ಬ್ಯಾಡ ಬ್ಯಾಡ ಅಂತಿತ್ತು, ನಾ ಲಾಳಿಕಿ ತಂದು ಕುಡಿಸಿದ್ನಲ್ಲೋ."

ವೀರಭದ್ರ ಯಂತ್ರದ ಬುಡದಲ್ಲೇ ಕುಕ್ಕರಿಸಿದ. ಹೊಟ್ಟೆಗೆ ಹೋದದ್ದು ಹೋಗಿತ್ತು. ಇಂಜಿನ್ ಚಾಲೂ ಮಾಡಿದರೆ ಡೀಸೆಲ್ ಮೈಯೆಲ್ಲ ಹರಡಿ, ಅದೆಷ್ಟು ಭಾಗಗಳು ಹಾಳಾಗುತ್ತವೋ. ಚಾಲೂ ಮಾಡದಿದ್ದರೆ ಇನ್ನೂ ಉಳಿಯುವ ದಾರಿಯಿದೆ. ಅಷ್ಟು ಅವನಿಗೆ ಗೊತ್ತಿತ್ತು. ಎದ್ದು ಹೋಗಿ ಜೇಬಿನಲ್ಲಿದ್ದ ಕೀಲಿಯನ್ನು ತೆಗೆದು ಕಸ್ತೂರಬಾಯಿಯ ಕೈಗಿಟ್ಟ.

"ಆಯಿ, ಇದು ನೀವು ಇಟಗೋರಿ. ನಾ ಬೇಡಿದ್ರೂ ಕೊಡಬ್ಯಾಡ್ರಿ. ನಂದ್ ದೊಡ್ಡ ತಪ್ಪ ಆಗ್ಯಾದ." ನಿಂತಲ್ಲೇ ಎಲ್ಲವನ್ನೂ ಹೇಳಿದ.

ಅವಳು ಕೀಲಿಯನ್ನು ಲಿಂಗದ ಚೀಲದ ಪಕ್ಕದಲ್ಲಿಟ್ಟುಕೊಂಡು, "ಮೊದಲ ಫೋನ್ ಹಚ್ಚು" ಎಂದಳು.

ಉಮಾಕಾಂತ ಕೇಳಿಸಿಕೊಂಡ. ಆ ಕಡೆಯಿಂದ ಮಿಲ್ಲಿನ ಗಿರಗಿರದ ನಡುವೆ ಅವನ ದನಿ ಬಂತು.

"ಚಾಲೂ ಮಾಡಿದೇನು?"

"ಇಲ್ರೀ ಸಾವಕಾರ್ರೀ."

"ಒಮ್ಮೀನೂ?"

"ಬಟನ್ ಮುಟ್ಟಿಲ್ರೀ. ಕೀಲಿ ಆಯಿ ಕಡಿ ಅದ."

"ನಾ ಅಷ್ಟೊಂದ ಹೇಳಿದ್ದೆಲ್ಲೋ ಮಾರಾಯಾ! ಎಲ್ಲಾ ಹೌದ್ರೀ ಹೌದ್ರೀ ಅಂದಿ." ಸಾವಕಾರನ ದನಿ ಏರುತ್ತಿತ್ತು. ಅಷ್ಟರಲ್ಲಿ ಕಸ್ತೂರಬಾಯಿ ಫೋನನ್ನು ಕಸಿದುಕೊಂಡಳು.

"ಉಮ್ಯಾ, ಆ ಅಕ್ಷರದ ಮ್ಯಾಲ ದೇವರಿಗಿ ಕುಂಡ್ರಿಸದಾಕಿ ನಾ. ಬಾನೆಟ್ಟಿನ ಮ್ಯಾಲ ಬ್ಯಾಡ ಅಂದಾಂವ ನೀ. ಇಂವಗೊಬ್ಬಂಗ ಯಾಕ ಬೈತಿ? ಬೈಯೋದಿದ್ರ ಮೂರೂ ಮಂದಿಗಿ ಕೂಡೇ ಬೈ."

ಆ ಕಡೆ ಉಸಿರು ಬಿಟ್ಟ ಸದ್ದು. "ನಿನಗ ಬೈಲಿಕ್ಕ ನನಗೆಲ್ಲಿ ಬರತದವ್ವಾ. ಅಂವಗ ಕೊಡು." ವೀರಭದ್ರ ಫೋನ್ ಕಿವಿಗಿಟ್ಟ. "ಮಿಸ್ತ್ರಿಗಿ ಕಳಸ್ತೀನಿ. ಟಾಕಿ ಪೂರಾ ಖಾಲಿ ಮಾಡ್ಸು. ಆಮ್ಯಾಲ ಗಾಡಿ ಮೊದಲಿನ್ಹಾಂಗೇ ನಡೀತಂದ್ರ ನೋಡೂಣು. ಇಲ್ಲಾಂದ್ರ ವೀರಭದ್ರ, ಬಸ್ಸಿಗಿ ಹಾಕಿ ಅವ್ವಗ ಮನಿಗಿ ಮುಟ್ಟಸು. ಮತ್ತ ನೀ ಬರೋದ ಬ್ಯಾಡ."

ನಿಲಂಗಾದಿಂದ ಪಂಡಿತ ಮಿಸ್ತ್ರಿ ಬಂದ. ಟ್ರ್ಯಾಕ್ಟರಿನ ಮನುಷ್ಯ. ಒಳಗಿನ ತೊಗಲಿನ ಸೀಟು ನೋಡಿ ಚಪ್ಪಲಿ ಹೊರಗೆ ಬಿಟ್ಟ, ಕೈಯನ್ನು ಸಾಬೂನು ಹಚ್ಚಿ ತೊಳೆದ. ಸಾವಕಾರ ಹೈದರಾಬಾದಿನ ಶೋರೂಮಿನವನೊಬ್ಬನನ್ನು ವಿಡಿಯೋ ಕಾಲಿನಲ್ಲಿ ಹಿಡಿದುಕೊಟ್ಟಿದ್ದ. ಅವನು ಹಿಂದಿಯಲ್ಲಿ ಹೇಳಿದ ಹಾಗೆ ಪಂಡಿತ ಮಾಡುತ್ತ ಹೋದ. ಹಿಂದಿನ ಸೀಟು ಎತ್ತಿದ, ಟಾಕಿಯ ಮುಚ್ಚಳ ಬಿಚ್ಚಿದ, ಕೈಪಂಪಿನಿಂದ ಎಳೆದೆಳೆದು ಡಬ್ಬಿಗೆ ತುಂಬಿದ. ವೀರಭದ್ರ ಡಬ್ಬಿ ಹೊತ್ತು ಹೊತ್ತು ಸೊಂಟ ಹಿಡಿದುಕೊಂಡ. ಪಂಪಿನವರು ಆ ಸಾಲನ್ನು ಹಗ್ಗ ಕಟ್ಟಿ ಮುಚ್ಚಿದರು, ಯಾರೂ ಗೊಣಗಲಿಲ್ಲ. ಜಯಮಾಲಾ ತನ್ನ ಬುತ್ತಿ ಬಿಚ್ಚಿ, ಜೋಳದ ರೊಟ್ಟಿ ಮತ್ತು ಹಿಂಡಿಪಲ್ಲೆಯನ್ನು ಕಸ್ತೂರಬಾಯಿಯ ಮುಂದಿಟ್ಟಳು. ಮುದುಕಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಒಂದು ರೊಟ್ಟಿ ಮುರಿದು, ಅರ್ಧವನ್ನು ವೀರಭದ್ರನ ಕಡೆ ಚಾಚಿದಳು.

"ಉಣ್ಣು. ಬರೇ ಹೊಟ್ಟಿಲೇ ಅಂಜಬ್ಯಾಡ."

"ಆಯಿ, ನೀವು ಆ ಹೂವಿನ ಮಾತ ಅನ್ಲಿಲ್ಲಂದ್ರ ನಾ ಬಟನ್ ಒತ್ತೇಬಿಡ್ತಿದ್ದೆ" ಎಂದ. "ನೀವು ನನಗ ಉಳಿಸಿದ್ರಿ."

"ನಾ ಏನೂ ಮಾಡಿಲ್ಲೋ. ನನಗ ಖುಷಿ ಆಗಿತ್ತು, ಹೇಳಿದೆ. ಖುಷಿ ಆದದ್ದು ಹೇಳಬೇಕಿಲ್ಲೋ?"

ವೀರಭದ್ರ ರೊಟ್ಟಿ ಕೈಯಲ್ಲಿ ಹಿಡಿದು ನಿಂತೇ ಇದ್ದ. ಮುದುಕಿ ಆ ಸಣ್ಣ ಖುಷಿಯನ್ನು ಮನಸ್ಸಿನಲ್ಲೇ ಇಟ್ಟುಕೊಂಡಿದ್ದರೆ ತನ್ನ ಗತಿ ಏನಾಗುತ್ತಿತ್ತು ಎಂದು ನೆನೆದ. ಹೊಗಳಿಕೆಗೆ ತಾನು ಲಾಯಕ್ಕಾಗಿರಲಿಲ್ಲ, ಆದರೆ ಆ ಹೊಗಳಿಕೆಯೇ ತನ್ನನ್ನು ಕಾಯ್ದಿತು. ಇಷ್ಟು ಒಳ್ಳೆಯ ಮಂದಿಯ ನಡುವೆ ತಪ್ಪು ಮಾಡಿದ್ದಕ್ಕಾದರೂ ದೇವರಿಗೆ ಕೈ ಮುಗಿಯಬೇಕು ಎನ್ನಿಸಿತು.

ಬಿಸಿಲು ಇಳಿಯುವ ಹೊತ್ತಿಗೆ ಟಾಕಿ ಒಣಗಿತು. ಪಂಡಿತ ಎಲ್ಲವನ್ನೂ ಮೊದಲಿನಂತೆ ಬಿಗಿದ. ಜಯಮಾಲಾ ಪೆಟ್ರೋಲಿನ ನಳಿಕೆ ತಂದಳು. ಅದು ಗಾಡಿಯ ಬಾಯಿಗೆ ಒರೆಗೆ ಕತ್ತಿ ಇಳಿದಷ್ಟು ನುಣುಪಾಗಿ ಇಳಿಯಿತು. ಎಲ್ಲರೂ ಅದನ್ನೇ ನೋಡಿದರು. ಕಸ್ತೂರಬಾಯಿ ಹಿಂದಿನ ಸೀಟಿಗೇರಿ, ಚೀಲದಿಂದ ಕೀಲಿ ತೆಗೆದು ವೀರಭದ್ರನಿಗೆ ಕೊಟ್ಟಳು.

ಅವನು ಕೂತ. ಬಟನ್ನಿನ ಮೇಲೆ ಬೆರಳಿಟ್ಟ. ಒತ್ತಲಾಗಲಿಲ್ಲ. ಸಾವಕಾರನ ಮಾತು, ಮನೆಯ ಕಟ್ಟೆ, ದ್ರೌಪದಿಯ ಸಿಕ್ಕಿಸಿದ ಸೆರಗು ಎಲ್ಲವೂ ಆ ಒಂದು ಬೆರಳಿನ ಕೆಳಗೆ ಬಂದು ಕೂತಂತಾಯಿತು.

"ತಡಿ" ಎಂದಳು ಕಸ್ತೂರಬಾಯಿ.

ಅವನು ಕನ್ನಡಿಯಲ್ಲಿ ನೋಡಿದ. ಅವಳು ಬೆಳಗಿನ ಪೂಜೆಯ ಹೂವನ್ನು ಸೆರಗಿನ ಗಂಟಿನಿಂದ ಬಿಚ್ಚುತ್ತಿದ್ದಳು. ಬಿಳಿ ಕಣಗಿಲೆ, ತುಸು ಬಾಡಿತ್ತು. ಅದನ್ನು ಎಡಗೈಯ ಬರಿ ಅಂಗೈಯ ನಡುವೆ ತೊಟ್ಟು ಮೇಲಾಗಿ ಬೋರಲು ನಿಲ್ಲಿಸಿ, ಕೈಯನ್ನು ಎದೆಯ ಮಟ್ಟಕ್ಕೆ ಹಿಡಿದಳು. ಜಯಮಾಲಾ ಕಿಟಕಿಗೆ ಮುಖ ತಂದಳು. ಪಂಡಿತ ಹಿಂದಿನಿಂದ ಇಣುಕಿದ.

"ಈಗ ಚಾಲೂ ಮಾಡು ಮಗಾ."

ವೀರಭದ್ರ ಒತ್ತಿದ. ಗಾಡಿ ಒಮ್ಮೆ ಉಸಿರೆಳೆದುಕೊಂಡು ಎದ್ದಿತು. ಅವನು ಮುಂದಿನ ದೀಪಗಳನ್ನು, ಮುಳ್ಳುಗಳನ್ನು ನೋಡಲಿಲ್ಲ. ಕನ್ನಡಿಯಲ್ಲಿ ಅವಳ ಅಂಗೈಯನ್ನೇ ನೋಡುತ್ತ ಕೂತ. ಎಡಗಾಲು ಮೆತ್ತನೆಯ ಹಾಸಿನ ಮೇಲೆ ಸುಮ್ಮನೆ ಒರಗಿತ್ತು.

ಹೂವು ಇಟ್ಟಲ್ಲೇ ನಿಂತಿತ್ತು.

"ನಡಿ" ಎಂದಳು ಕಸ್ತೂರಬಾಯಿ, ಕೈ ಇಳಿಸದೆ. "ಅಲ್ಲಿ ನನ್ನ ತಂಗಿ ರಂಭಾ ಉಣಲಾರ್ದೇ ಹಾದಿ ನೋಡ್ಲತ್ತಿರಬೇಕು."