ಹಿಂದಿನ ಕೋಣೆಯ ತಂಪು

ರೇಡಿಯೋ ಊಟದ ಮೇಜಿನ ಮೇಲೆ ಹತ್ತಿ ನಿಂತಿದ್ದ. ತಲೆ ಮನೆಗಾಡಿಯ ಸೂರಿನ ತೂತಿನೊಳಗೆ, ಎಸಿಯ ಹೊಟ್ಟೆಯಲ್ಲಿತ್ತು. ಮಿಕ್ಕ ಭಾಗ ಅಮ್ಮನ ಸುಪರ್ದಿಯಲ್ಲಿತ್ತು.

"ಏನಾದ್ರೂ ಕಾಣ್ತಾ?"

"ಟಾರ್ಚ್ ನನ್ನ ಕಾಲಿಗೆ ಬಿಟ್ರೆ ಕಾಲೇ ಕಾಣೋದು. ಎಸಿ ಮೇಲಿದೆ ಅಮ್ಮ."

ಟಾರ್ಚು ಮೇಲೇರಿತು. ಧೂಳು ಕಂಡಿತು, ಮನೆತನದಷ್ಟೇ ಹಳೆಯ ಧೂಳು.

ಯಾರ ದನಿ ಕೇಳಿದರೂ ಮರುಗಳಿಗೆಗೆ ಅದನ್ನೇ ಬಿತ್ತರಿಸುತ್ತಿದ್ದ ಹುಡುಗನಿಗೆ ಮನೆಯವರು ಇಟ್ಟ ಹೆಸರು ರೇಡಿಯೋ. ನಲವತ್ತು ದಾಟಿದರೂ ಆಫ್ ಆಗಿರಲಿಲ್ಲ. ಬಸ್ ನಿಲ್ದಾಣದಲ್ಲಿ ಯಾವ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಮೈಕಿನಲ್ಲಿ ಹೇಳುವುದು ಅವನ ಉದ್ಯೋಗ. ದಿನವಿಡೀ ಸ್ವಂತ ದನಿಯಲ್ಲೇ ಮಾತಾಡಬೇಕಾದ್ದರಿಂದ ಆ ಕೆಲಸ ಅವನಿಗೆ ಅಷ್ಟೇನೂ ಹಿಡಿಸಿರಲಿಲ್ಲ.

ಗಾಡಿ ಅಪ್ಪನದು. ಅಪ್ಪ ಮಾರುಕಟ್ಟೆಯಿಂದ ಮಾರುಕಟ್ಟೆಗೆ ಹೋಗಿ ಅಂಗಡಿಗಳ ತಕ್ಕಡಿ, ತೂಕದ ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದವರು. ಮುಂದೆ ಡ್ರೈವರ್ ಸೀಟು, ನಡುವೆ ಅಡುಗೆಕಟ್ಟೆ ಮತ್ತು ಮೇಜು, ಹಿಂದೆ ಬಾಗಿಲಿರುವ ಒಂದು ಪುಟ್ಟ ಮಲಗುವ ಕೋಣೆ. ಬೇಸಿಗೆ ರಜೆ ಬಂತೆಂದರೆ ನಾಲ್ವರೂ ಇದರೊಳಗೆ. ಈಗ ಅಪ್ಪ ಹೋಗಿ ವರ್ಷವಾಗಿತ್ತು. ಗಾಡಿ ಕೊಂಡವರು ಎರಡು ದಿನದ ದಾರಿಯಾಚೆ ಇದ್ದರು. ಅಲ್ಲಿಗೆ ಓಡಿಸಿಕೊಂಡು ಹೋಗಿ ಒಪ್ಪಿಸಬೇಕು. ಅಮ್ಮ ಕೇಳಿದ್ದು ಒಂದೇ: ಕೊನೆಯ ಸಲ ಮೂವರೂ ಇದರಲ್ಲೇ ಹೋಗೋಣ.

ಮೂರನೆಯವಳು ಅಕ್ಕ. ಆಸ್ಪತ್ರೆಯಲ್ಲಿ ದಾದಿಯರ ಮೇಲ್ವಿಚಾರಕಿ. ಫೋನಿನಲ್ಲೂ ನಾಡಿ ಹಿಡಿದೇ ಮಾತಾಡುವವಳು. ಮದುವೆಯಾದ ಮೇಲೆ ಒಂದು ಸಲವೂ ಗಾಡಿ ಹತ್ತಿರಲಿಲ್ಲ. ಕರೆದಾಗಲೆಲ್ಲ ಒಂದೇ ನೆಪ, ಸೆಖೆ. ಈ ಸಲ ಮಾತ್ರ ಒಂದು ಷರತ್ತು ಹಾಕಿದ್ದಳು. ರೇಡಿಯೋ ಅದನ್ನು ಅಮ್ಮನಿಗೆ ಅವಳ ದನಿಯಲ್ಲೇ ಒಪ್ಪಿಸಿದ್ದ: "ನಂಗೆ ಹಿಂದಿನ ಕೋಣೆ ಬೇಕು. ಮಧ್ಯಾಹ್ನ ಬಂದು ಕೈಯಿಟ್ಟು ನೋಡ್ತೀನಿ. ತಂಪಿದ್ರೆ ಬರ್ತೀನಿ. ಇಲ್ದಿದ್ರೆ ನೀವಿಬ್ರೂ ಬೆಂದ್ಕೊಂಡು ಹೋಗಿ."

ಅದಕ್ಕೇ ಬೆಳಗಿನಿಂದ ಈ ಸಾಹಸ. ಎಸಿಯ ಜಾಲರಿ ತೊಳೆದಿದ್ದ. ಚಾವಣಿಯ ಮೇಲೆ ಹತ್ತಿ, ಮುದುರಿದ ತಗಡಿನ ಎಸಳುಗಳನ್ನು ಹಳೆಯ ಬಾಚಣಿಗೆಯಿಂದ ಒಂದೊಂದಾಗಿ ಬಾಚಿ ನೇರ ಮಾಡಿದ್ದ. "ಎಸಿಗೆ ಬೈತಲೆ ತೆಗೆದಾಯ್ತು, ಇನ್ನು ಜಡೆ ಹಾಕೋದೊಂದು ಬಾಕಿ," ಎಂದು ಮೇಲಿನಿಂದ ಕೂಗಿದ್ದ. ಮುಂದಿನ ಗಾಜಿಗೆ ಬೆಳ್ಳಿಹಾಳೆ ಹೊದಿಸಿದ್ದ, ಬಿಸಿಲು ಇಳಿಯುತ್ತಿದ್ದ ಸೂರಿನ ಕಿಟಕಿಗೆ ದಿಂಬು ಒತ್ತಿದ್ದ. ಫಲ ಸಿಕ್ಕಿತ್ತು, ಅರ್ಧ. ಡ್ರೈವರ್ ಸೀಟಿನ ಹಿಂದಿದ್ದ ಕಿಂಡಿಯಿಂದ ಮೈ ನವಿರೇಳುವಂತೆ ಗಾಳಿ ಬೀಸುತ್ತಿತ್ತು. ಹಿಂದಿನ ಕೋಣೆಯ ಕಿಂಡಿಯಲ್ಲಿ ಮಾತ್ರ ಮಲಗಿದ ಮಗುವಿನ ಉಸಿರಿನಷ್ಟು.

ಎಷ್ಟೋ ವರ್ಷದಿಂದ ಹಾಗೇ. ಅಪ್ಪ ಮಾಡದ ಉಪಾಯವಿಲ್ಲ. ಚಾವಣಿಗೆ ಬಿಳಿ ಬಣ್ಣ ಬಳಿದರು, ಕಿಟಕಿಗೆ ದಪ್ಪ ಪರದೆ ಕಟ್ಟಿದರು, ಗಾಡಿಯನ್ನು ಸೂರ್ಯನಿಗೆ ಬೆನ್ನುಹಾಕಿಸಿ ನಿಲ್ಲಿಸಿದರು. ಏನೂ ನಡೆಯಲಿಲ್ಲ.

ತೂತಿನೊಳಗೆ ರೇಡಿಯೋಗೆ ಮೊದಲ ಕಾರಣ ಸಿಕ್ಕಿತು. ಒಳಗೆ ಎಳೆದುಕೊಳ್ಳುವ ಬಿಸಿಗಾಳಿಗೂ ಹೊರಗೆ ತಳ್ಳುವ ತಣ್ಣಗಾಳಿಗೂ ನಡುವಿನ ತೆಳು ಗೋಡೆ ಬಿರುಕು ಬಿಟ್ಟಿತ್ತು.

"ಕದ್ದು ಕದ್ದು ಭೇಟಿಯಾಗ್ತಿದಾವೆ," ಎಂದು ಅಮ್ಮನಿಂದ ಬೆಳ್ಳಿಬಣ್ಣದ ಅಂಟುಪಟ್ಟಿ ಕೇಳಿ ಪಡೆದು ಅಂಟಿಸಿದ. ಆಮೇಲೆ ಹಿಂದಿನ ಕೋಣೆಗೆ ಹೋಗುವ ಕೊಳವೆಯೊಳಗೆ ತೋಳು ಚಾಚಿದ. ಬೆರಳಿಗೆ ಮೆತ್ತಗೆ ಏನೋ ತಾಗಿತು. ಇಲಿಯೇ ಇರಬೇಕೆಂದು ಒಮ್ಮೆ ಕೈ ಬಿಟ್ಟ. ಮತ್ತೆ ಹಿಡಿದು ಎಳೆದ. ಬಿಗಿಯಾಗಿ ಸುತ್ತಿ ತುರುಕಿದ್ದ ದಿಂಬಿನ ಚೀಲ, ನೀಲಿ ಹೂವಿನದು.

ಅಮ್ಮ ಅದನ್ನು ನೋಡಿದಳು. "ಓ, ಅದಿನ್ನೂ ಇದೆಯಾ?" ಎಂದಳು, ದಾರಿಯಲ್ಲಿ ಹಳೆಯ ಪರಿಚಯದವರು ಸಿಕ್ಕ ಹಾಗೆ.

ರೇಡಿಯೋ ಮೇಜಿನ ಮೇಲೆ ಕುಸಿದು ಕೂತ. "ನೀನಾ ಇಟ್ಟಿದ್ದು?"

"ಮತ್ಯಾರು? ಅವಳು ಹತ್ತನೇ ಕ್ಲಾಸು ಮುಗಿಸಿದ್ದ ವರ್ಷ. ಸ್ಕೂಲಿನವರ ಈಜಿನ ಶಿಬಿರಕ್ಕೆ ಹೋಗ್ತೀನಿ ಅಂದ್ಲು, ಅಪ್ಪ ಬೇಡ ಅಂದು ಇಲ್ಲಿಗೆ ಹತ್ತಿಸ್ಕೊಂಡ್ರು. ಬಾಗಿಲು ಹಾಕ್ಕೊಂಡು ಕೂತ್ಬಿಟ್ಲು. ಮಾತಿಲ್ಲ, ಕತೆಯಿಲ್ಲ. ಅವರಿಗೂ ಅಷ್ಟೇ ಹಠ. ಇಬ್ಬರಿಗೂ ಹೇಳಿ ಹೇಳಿ ಸಾಕಾಯ್ತು. ಅಪ್ಪ ಮಾರ್ಕೆಟ್ಟಿಗೆ ಹೋಗಿದ್ದಾಗ ಈ ಮೇಜು ಹತ್ತಿ, ಗಾಳಿಗೇ ಹೇಳ್ಬಿಟ್ಟೆ, ಆ ಕಡೆ ಹೋಗ್ಬೇಡ ಅಂತ."

ಅವನಿಗೆ ಆ ರಾತ್ರಿ ನೆನಪಾಯಿತು. ಅಕ್ಕ ಬೆವರಿನಲ್ಲಿ ಒದ್ದೆಯಾಗಿ, ಚಾಪೆ ಎಳೆದುಕೊಂಡು ಹೊರಬಂದಿದ್ದಳು. ಮುಂದಿನ ಕಿಂಡಿಯ ಕೆಳಗೆ ನಾಲ್ಕು ಚಾಪೆ, ನಾಲ್ಕು ತಲೆ ಒಂದೇ ಕಡೆಗೆ. ಕತ್ತಲಲ್ಲಿ ಅಪ್ಪ ಎಸಿಯನ್ನು ಬೈಯುತ್ತಿದ್ದರು. ರೇಡಿಯೋ ಅವರದೇ ದನಿಯಲ್ಲಿ ಅದನ್ನು ತಿರುಗಿ ಬೈದ. ಮೊದಲು ಅಕ್ಕನ ಕಡೆಯಿಂದ ತಡೆದ ನಗು ಬಂತು, ಆಮೇಲೆ ಅಪ್ಪನ ಕಡೆಯಿಂದ. ಅಲ್ಲಿಂದ ಮುಂದೆ ಎಷ್ಟೋ ಬೇಸಿಗೆ ನಾಲ್ವರೂ ಅಲ್ಲೇ ಮಲಗಿದರು. ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಗೆ.

"ಅಪ್ಪಂಗೆ ಹೇಳ್ಲೇ ಇಲ್ವಾ?"

"ಹೇಳಿದ್ರೆ ತೆಗೆದುಬಿಡ್ತಿದ್ರು."

ರೇಡಿಯೋಗೆ ನಗು ತಡೆಯಲಾಗಲಿಲ್ಲ. ಗಂಟಲು ಸರಿಮಾಡಿಕೊಂಡು, ಗದ್ದವನ್ನು ಎದೆಗೆ ಒತ್ತಿ ಅಪ್ಪನಾದ. "ಟನ್ನುಗಟ್ಟಲೆ ತೂಗಿದೀನಿ ಕಣೇ ನಾನು. ಈ ಗಾಳೀನ ಎಲ್ಲಿ ಹಿಡ್ಕೊಂಡು ತೂಗಲಿ?"

ಅಮ್ಮ ನಗಲಿಲ್ಲ. ಟಾರ್ಚು ಇನ್ನೂ ಉರಿಯುತ್ತಿತ್ತು, ಅದರ ಬೆಳಕು ನೆಲದ ಮೇಲೆ ಬಿದ್ದಿತ್ತು.

"ಇನ್ನೊಂದ್ಸಲ ಹೇಳು," ಎಂದಳು.

ಹೇಳಿದ. ಎರಡನೆಯ ಸಲ ಅಷ್ಟು ಚೆನ್ನಾಗಿ ಬರಲಿಲ್ಲ.

ಅಮ್ಮ ಮೇಜಿನ ಮೇಲಿದ್ದ ಚೀಲವನ್ನು ಎತ್ತಿ ಅವನ ಕೈಗೆ ಕೊಟ್ಟಳು. "ಇದ್ದಲ್ಲೇ ಇಟ್ಬಿಡು."

"ಕೈಯಿಟ್ಟು ನೋಡ್ತಾಳೆ ಅಮ್ಮ. ತಂಪಿಲ್ದಿದ್ರೆ ಹಾಗೇ ವಾಪಸ್ ಹೋಗ್ತಾಳೆ."

"ತಂಪಿದ್ರೆ ಬಾಗಿಲು ಹಾಕ್ಕೋತಾಳೆ. ಎರಡು ದಿನಾನೂ ಒಳಗೇ ಇರ್ತಾಳೆ. ಆಗ ಬಂದೂ ಏನು ಬಂದ ಹಾಗಾಯ್ತು?"

"ಬಾಗಿಲ ಆಚೆಗಾದ್ರೂ ಇರ್ತಾಳಲ್ಲ."

ಅಮ್ಮ ಚೀಲವನ್ನು ವಾಪಸು ತೆಗೆದುಕೊಂಡು ಮಡಚಿದಳು. ಮತ್ತೆ ಬಿಚ್ಚಿ, ಮತ್ತೆ ಮಡಚಿದಳು. ಕೊನೆಗೆ ಅದರಿಂದಲೇ ಮೇಜಿನ ಮೇಲಿನ ಧೂಳು ಒರೆಸತೊಡಗಿದಳು. ರೇಡಿಯೋ ಮುಚ್ಚಳ ಹಾಕಿ ಸ್ಕ್ರೂ ಬಿಗಿದ.

ಅಕ್ಕ ಬಂದವಳು ಬ್ಯಾಗು ಕೆಳಗಿಡದೆ ನೇರ ಹಿಂದಿನ ಕೋಣೆಗೆ ನಡೆದಳು. ಕಿಂಡಿಗೆ ಅಂಗೈ ಹಿಡಿದಳು. ಕೈ ತಿರುಗಿಸಿ ಅದರ ಹಿಂಬದಿ ಹಿಡಿದಳು. ಮಗುವಿನ ಜ್ವರ ನೋಡುವ ಹಾಗೆ ಅಲ್ಲೇ ನಿಂತಳು.

"ಯಾರನ್ನ ಕರೆಸಿದ್ದೆ?"

"ಯಾರನ್ನೂ ಇಲ್ಲ. ನಾನೇ."

"ಏನಾಗಿತ್ತು ಇಷ್ಟು ವರ್ಷ?"

ರೇಡಿಯೋ ಅಮ್ಮನ ಕಡೆ ನೋಡಿದ. ತೊಳೆದಿಟ್ಟಿದ್ದ ಲೋಟವನ್ನೇ ಅಮ್ಮ ಇನ್ನೊಮ್ಮೆ ತೊಳೆಯುತ್ತಿದ್ದಳು.

"ಧೂಳು," ಎಂದ.

ಅಕ್ಕ ಬ್ಯಾಗನ್ನು ಹಾಸಿಗೆಯ ಮೇಲಿಟ್ಟಳು. ಬಾಗಿಲು ಮುಚ್ಚಿಕೊಂಡಿತು.

ಹೊರಟರು. ಗಾಡಿಯ ಅಡಿಯಲ್ಲಿ ಜನರೇಟರು ಗುಂಯ್‌ಗುಡುತ್ತಿತ್ತು. ಬೆಳ್ಳಿಹಾಳೆ ತೆಗೆದ ಗಾಜಿನಿಂದ ಬಿಸಿಲು ಪೂರಾ ಒಳಗೆ ಬರುತ್ತಿತ್ತು. ಅಮ್ಮ ಮೇಜಿನ ಬಳಿ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಬಾಗಿಲು ನೋಡುತ್ತ ಕೂತಿದ್ದಳು. ಊರು ಮುಗಿಯಿತು, ಗೋದಾಮುಗಳ ಸಾಲು ಮುಗಿಯಿತು. ರೇಡಿಯೋ ಯಾರ ದನಿಯನ್ನೂ ತೆಗೆಯಲಿಲ್ಲ.

ರೈಲ್ವೆ ಗೇಟಿನ ಹತ್ತಿರ ಗಾಡಿ ನಿಂತಾಗ ಹಿಂದೆ ಚಿಲಕ ಸರಿದ ಸದ್ದಾಯಿತು. ಅಕ್ಕ ತಲೆ ಹೊರಗೆ ಹಾಕಿದಳು. ಕೂದಲು ಕೆದರಿತ್ತು.

"ಅಮ್ಮ, ಅಲ್ಲೇನು ಬೇಯ್ತಾ ಕೂತಿದೀಯ? ಒಳಗೆ ಎಷ್ಟು ತಣ್ಣಗಿದೆ. ಬಾ, ಸ್ವಲ್ಪ ಕಾಲು ಚಾಚ್ಕೊ."

ಅಮ್ಮ ಎದ್ದಳು. ಅಡುಗೆಕಟ್ಟೆಯ ಅಂಚು, ಕಪಾಟಿನ ಹಿಡಿ, ಬಾಗಿಲ ಚೌಕಟ್ಟು, ಒಂದೊಂದನ್ನೇ ಹಿಡಿದುಕೊಂಡು ಒಳಗೆ ಹೋದಳು. ಬಾಗಿಲು ತೆರೆದೇ ಉಳಿಯಿತು.

ಗೂಡ್ಸ್ ರೈಲು ಬಂತು. ಮುಗಿಯುವ ಲಕ್ಷಣ ಕಾಣಲಿಲ್ಲ. ಕನ್ನಡಿಯಲ್ಲಿ ಹಾಸಿಗೆಯ ತುದಿ ಕಾಣುತ್ತಿತ್ತು. ಅದರ ಮೇಲೆ ಎರಡು ಜೊತೆ ಪಾದಗಳು, ಒಂದು ಜೊತೆ ಇನ್ನೊಂದರ ಕಡೆಗೆ ವಾಲಿತ್ತು. ರೇಡಿಯೋ ಹಿಂದಕ್ಕೆ ಕೈ ಚಾಚಿ ತನ್ನ ಸೀಟಿನ ಹಿಂದಿನ ಕಿಂಡಿಯನ್ನು ತಿರುಗಿಸಿ ಪೂರ್ತಿ ಮುಚ್ಚಿದ. ಗಾಳಿಯೆಲ್ಲ ಹಿಂದಿನ ಕೋಣೆಗೆ ತಿರುಗಿತು. ಕುತ್ತಿಗೆಯಿಂದ ಬೆವರು ಇಳಿಯಿತು. ಪಕ್ಕದ ಗಾಜು ಇಳಿಸಿ, ಮೊಣಕೈ ಹೊರಗಿಟ್ಟು, ಡಬ್ಬಿಗಳು ಒಂದರ ಹಿಂದೊಂದು ಹೋಗುವುದನ್ನು ನೋಡುತ್ತ ಕೂತ.